ಓದುಗರ ಪ್ರಶ್ನೆ: ಮಾರ್ಮನ್ನರ ಮನೆಯೊಳಗೆ ಒಂದು ಕ್ಯಾಮೆರಾ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, 2014ರ ಅಕ್ಟೋಬರಿನಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡ ‘ಮೀಟ್ ದ ಮಾರ್ಮನ್ಸ್’ ಎಂಬ ಸಾಕ್ಷ್ಯಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಮೆರಿಕದಲ್ಲಿ ಹುಟ್ಟಿದ, ತಾನು ಕ್ರೈಸ್ತವೆನ್ನುವ ಮಾರ್ಮನ್ ಪಂಥಕ್ಕೆ ಸೇರಿದ ಆರು ಮಂದಿಯ ಮನೆ, ಕೆಲಸ ಮತ್ತು ನಂಬಿಕೆಯನ್ನು ಸುಮಾರು ಎಂಬತ್ತು ನಿಮಿಷಗಳಲ್ಲಿ ತೋರಿಸುವ ಚಿತ್ರ ಅದು. ಆ ಪಂಥದ ಹೆಸರನ್ನೇ ಹೆಚ್ಚು ಮಂದಿ ಕೇಳಿರಲಾರರು ಎಂದುಕೊಂಡಿದ್ದ ನನಗೆ ಕೊಡಗಿನ ಬೇರೆಬೇರೆ ಊರುಗಳಿಂದ ಬಂದ ಕಾಗದಗಳು ಸಂತೋಷ ತಂದಿವೆ. ಈ ಬಾರಿ ಅವುಗಳಿಗಷ್ಟೇ ಉತ್ತರಿಸುತ್ತೇನೆ.

ಪ್ರಶ್ನೆ: ಆ ಚಿತ್ರವನ್ನು ನಿರ್ಮಿಸಿದ್ದು ಮಾರ್ಮನ್ ಚರ್ಚೇ ಎಂದು ತಾವು ಬರೆದಿದ್ದಿರಿ. ಹಾಗಿದ್ದ ಮೇಲೆ ಅದನ್ನು ಸಾಕ್ಷ್ಯಚಿತ್ರ ಎನ್ನುವುದು ಸರಿಯೇ? ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಬಹುದೇ? (ಉಪನ್ಯಾಸಕರೊಬ್ಬರು, ಕುಶಾಲನಗರ)

ಉತ್ತರ: ತೋರಿಸಬಹುದು, ಆದರೆ ಯಾರ ಹಣದಿಂದ, ಯಾರಿಗಾಗಿ ತಯಾರಾದದ್ದು ಎಂಬುದನ್ನು ಮೊದಲೇ ಹೇಳಿ ತೋರಿಸಬೇಕು. ಸಾಲ್ಟ್ ಲೇಕ್ ಸಿಟಿಯಲ್ಲಿರುವ ತನ್ನ ಕೇಂದ್ರಕ್ಕೆ ಬರುವ ಪ್ರವಾಸಿಗರಿಗಾಗಿ ಚರ್ಚ್ ಈ ಚಿತ್ರವನ್ನು ಮಾಡಿಸಿತು. ಅನಂತರ ಅದನ್ನು ಚಿತ್ರಮಂದಿರಗಳಿಗೂ ಕೊಟ್ಟು, ಬಂದ ನಿವ್ವಳ ಗಳಿಕೆಯನ್ನು ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ ದಾನ ಮಾಡಿತು. ಚಿತ್ರದಲ್ಲಿರುವವರು ನಟರಲ್ಲ, ಅವರ ಮನೆ, ಮಕ್ಕಳು, ಕಣ್ಣೀರು ಎಲ್ಲವೂ ನಿಜವಾದವು. ಆ ಮಟ್ಟಿಗೆ ಅದು ಸಾಕ್ಷ್ಯಚಿತ್ರವೇ ಸರಿ. ಸುಳ್ಳನ್ನು ತೋರಿಸುತ್ತದೆ ಎಂಬ ಆಕ್ಷೇಪ ನನಗಿಲ್ಲ. ನನ್ನ ಆಕ್ಷೇಪ ಆಯ್ಕೆಯ ಬಗ್ಗೆ.

ಯಾರನ್ನು ಆಯ್ದುಕೊಂಡಿದ್ದಾರೆ ನೋಡಿ. ಅಟ್ಲಾಂಟಾದ ಒಬ್ಬ ಕಪ್ಪುವರ್ಣೀಯ ಬಿಷಪ್. ಆಗ ಅಮೆರಿಕದ ನೌಕಾ ಅಕಾಡೆಮಿಯ ಫುಟ್‌ಬಾಲ್ ತರಬೇತುದಾರರಾಗಿದ್ದ ಕೆನ್ ನಿಯುಮಟಲೊಲೊ. ಕೋಸ್ಟರಿಕಾದ ಒಬ್ಬ ಕಿಕ್‌ಬಾಕ್ಸಿಂಗ್ ಪಟು, ಆಕೆ ತಾಯಿಯೂ ಹೌದು. ನೇಪಾಳದ ಹಳ್ಳಿಗಳಿಗಾಗಿ ದುಡಿಯುವ ಒಬ್ಬ ಎಂಜಿನಿಯರು. ಮಗನನ್ನು ಧರ್ಮಪ್ರಚಾರಕ್ಕೆ ಕಳುಹಿಸುವ ಒಬ್ಬ ತಾಯಿ. ಮತ್ತು ಬರ್ಲಿನ್ನಿನ ಮಕ್ಕಳಿಗೆ ಆಕಾಶದಿಂದ ಮಿಠಾಯಿ ಉದುರಿಸಿದ ವಿಮಾನ ಚಾಲಕ ಗೇಲ್ ಹಾಲ್ವರ್ಸನ್. ಈ ಹಾಲ್ವರ್ಸನ್ನರ ಕಥೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. 1948ರಲ್ಲಿ ಸೋವಿಯತ್ ದಿಗ್ಬಂಧನದಿಂದ ಪಶ್ಚಿಮ ಬರ್ಲಿನ್ ಹಸಿದಿದ್ದಾಗ, ವಿಮಾನ ನಿಲ್ದಾಣದ ಮುಳ್ಳುತಂತಿಯಾಚೆ ನಿಂತಿದ್ದ ಮಕ್ಕಳಿಗೆ ಅವರು ತಮ್ಮ ಜೇಬಿನಲ್ಲಿದ್ದ ಎರಡೇ ಎರಡು ಚ್ಯೂಯಿಂಗ್ ಗಮ್ ಕಡ್ಡಿಗಳನ್ನು ಕೊಟ್ಟರು. ಮಕ್ಕಳು ಕಿತ್ತಾಡಲಿಲ್ಲ, ಅದನ್ನು ಚೂರುಚೂರು ಮಾಡಿ ಹಂಚಿಕೊಂಡರು, ಚೂರು ಸಿಗದವರು ಅದರ ಕಾಗದವನ್ನು ಮೂಸಿ ನೋಡಿ ಪಕ್ಕದವರಿಗೆ ದಾಟಿಸಿದರು. ಮರುಸಲ ಬಂದಾಗ ಗುರುತಿಗಾಗಿ ರೆಕ್ಕೆ ಅಲ್ಲಾಡಿಸುತ್ತೇನೆ ಎಂದು ಮಾತು ಕೊಟ್ಟ ಅವರು ಕರವಸ್ತ್ರಗಳನ್ನೇ ಪ್ಯಾರಾಚೂಟುಗಳಾಗಿ ಕಟ್ಟಿ ಮಿಠಾಯಿ ಇಳಿಸಿದರು. 101 ವರ್ಷ ಬದುಕಿ 2022ರಲ್ಲಿ ತೀರಿಕೊಂಡರು.

ಇಂಥ ಮನುಷ್ಯನನ್ನು ಕಂಡು ಕಣ್ಣು ತೇವವಾಗದಿರಲು ಸಾಧ್ಯವಿಲ್ಲ. ಆದರೆ ಮಾರ್ಮನ್ನರೂ ನಮ್ಮನಿಮ್ಮಂತೆ ಸಾಮಾನ್ಯ ಜನ ಎಂದು ತಿಳಿಸಲು ಹೊರಟ ಚಿತ್ರ, ಸಾಮಾನ್ಯರನ್ನೇ ಬಿಟ್ಟಿತಲ್ಲ ಎಂಬುದು ನನ್ನ ಕೊರಗು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ, ಸಂಬಳ ಸಾಲದೆ ಪರದಾಡುವ, ಪ್ರಾರ್ಥನೆಯ ಹೊತ್ತಿಗೆ ಮಗು ರಚ್ಚೆ ಹಿಡಿದಾಗ ಎದ್ದು ಹೊರಗೆ ಹೋಗುವ, ಒಮ್ಮೊಮ್ಮೆ ತನ್ನ ನಂಬಿಕೆಯ ಬಗ್ಗೆ ತಾನೇ ಅನುಮಾನ ಪಡುವ ಮಾರ್ಮನ್ ಇಲ್ಲಿ ಕಾಣುವುದಿಲ್ಲ. ಪಂಥವನ್ನು ಬಿಟ್ಟು ಹೋದವರಂತೂ ಇಲ್ಲವೇ ಇಲ್ಲ. ಅಟ್ಲಾಂಟಾದ ಬಿಷಪ್ಪರ ಕುಟುಂಬವನ್ನು ಬಹಳ ಪ್ರೀತಿಯಿಂದ ತೋರಿಸುವ ಚಿತ್ರ, 1978ರ ಜೂನ್‌ವರೆಗೆ ಕಪ್ಪುವರ್ಣೀಯ ಗಂಡಸರಿಗೆ ಆ ಚರ್ಚಿನಲ್ಲಿ ಪೌರೋಹಿತ್ಯ ಸಿಗುತ್ತಿರಲಿಲ್ಲ ಎಂಬ ಇತಿಹಾಸದೊಳಗೆ ಹೋಗುವುದಿಲ್ಲ. ಅದನ್ನು ಹೇಳಿದ್ದರೆ ಆ ಬಿಷಪ್ಪರ ಎತ್ತರ ಇನ್ನೂ ಹೆಚ್ಚುತ್ತಿತ್ತೆಂದೇ ನನ್ನ ನಂಬಿಕೆ.

ಕೊಡಗಿನವರಾದ ನಮಗೆ ಇದು ಹೊಸ ಅನುಭವವಲ್ಲ. ಚಿತ್ರದ ಆರಂಭದಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ದಾರಿಹೋಕರನ್ನು ನಿಲ್ಲಿಸಿ, ಮಾರ್ಮನ್ನರ ಬಗ್ಗೆ ನಿಮಗೇನು ಗೊತ್ತು ಎಂದು ಕೇಳುತ್ತಾರೆ. ಆ ಉತ್ತರಗಳನ್ನು ಕೇಳುವಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ‘ನೀವು ಅಲೆಕ್ಸಾಂಡರನ ಸೈನಿಕರ ವಂಶದವರಂತೆ, ಹೌದಾ?’ ಎಂದು ಎಷ್ಟು ಸಲ ಕೇಳಿದ್ದಾರೆಂಬುದು ನೆನಪಾಯಿತು. ನಮ್ಮನ್ನು ತೋರಿಸುವ ಪ್ರವಾಸಿ ಚಿತ್ರಗಳಲ್ಲಿಯೂ ನಮ್ಮ ಸಾಂಪ್ರದಾಯಿಕ ಉಡುಗೆಯ ಕುಪ್ಯ, ಚೇಲೆ, ಪೀಚೆಕತ್ತಿ ಇರುತ್ತವೆ. ಕಾಳುಮೆಣಸಿನ ಬಳ್ಳಿಗೆ ರೋಗ ತಗುಲಿ ರಾತ್ರಿ ನಿದ್ದೆಗೆಟ್ಟವರು ಇರುವುದಿಲ್ಲ. ತಮ್ಮ ಊರಿಗೆ ಸಮೀಪದ ಬೈಲಕುಪ್ಪೆಯ ಟಿಬೆಟನ್ ಭಿಕ್ಷುಗಳೂ ಇಂಥದ್ದೇ ಕ್ಯಾಮೆರಾಗಳನ್ನು ದಿನವೂ ಎದುರಿಸುತ್ತಾರೆ. ತಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಂದಲೇ ಚರ್ಚೆ ಶುರು ಮಾಡಬಹುದು.

ಸಾಧ್ಯವಾದರೆ ಇದರ ಜೊತೆಗೆ, ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್ 2007ರಲ್ಲಿ ಪ್ರಸಾರ ಮಾಡಿದ ‘ದ ಮಾರ್ಮನ್ಸ್’ ಎಂಬ ನಾಲ್ಕು ಗಂಟೆಗಳ ಚಿತ್ರದ ಕೆಲವು ಭಾಗಗಳನ್ನಾದರೂ ತೋರಿಸಿ. ಹೊರಗಿನವರಾದ ಹೆಲೆನ್ ವಿಟ್ನಿ ನಿರ್ದೇಶಿಸಿದ ಆ ಚಿತ್ರದಲ್ಲಿ ಭಕ್ತರೂ ಇದ್ದಾರೆ, ಇತಿಹಾಸಕಾರರೂ ಇದ್ದಾರೆ, ಚರ್ಚಿನಿಂದ ಹೊರಬಿದ್ದವರೂ ಇದ್ದಾರೆ.

ಪ್ರಶ್ನೆ: ಅವರು ಕಾಫಿಯನ್ನು ಮುಟ್ಟುವುದಿಲ್ಲವಂತೆ. ಕಾಫಿ ಬೆಳೆದೇ ಬದುಕುವ ನಮಗೆ ಇದು ವಿಚಿತ್ರವೆನಿಸುತ್ತದೆ. ಕಾರಣವೇನು? (ಕಾಫಿ ಬೆಳೆಗಾರರು, ಸಿದ್ದಾಪುರ)

ಉತ್ತರ: ಪಂಥದ ಸ್ಥಾಪಕ ಜೋಸೆಫ್ ಸ್ಮಿತ್, 1833ರ ಫೆಬ್ರವರಿಯಲ್ಲಿ ಒಹಾಯೊ ರಾಜ್ಯದ ಕರ್ಟ್‌ಲ್ಯಾಂಡ್‌ನಲ್ಲಿದ್ದಾಗ, ದೇವರಿಂದ ತನಗೆ ಬಂದದ್ದೆಂದು ಒಂದು ಆಹಾರ ನಿಯಮವನ್ನು ಪ್ರಕಟಿಸಿದರು. ಮದ್ಯ, ಹೊಗೆಸೊಪ್ಪು ಮತ್ತು ‘ಬಿಸಿ ಪಾನೀಯ’ಗಳು ಮೈಗೆ ಒಳ್ಳೆಯದಲ್ಲ, ಮಾಂಸವನ್ನು ಮಿತವಾಗಿ ತಿನ್ನಬೇಕು, ಧಾನ್ಯ ಮತ್ತು ಹಣ್ಣುಹಂಪಲು ಒಳ್ಳೆಯವು ಎಂಬುದು ಅದರ ತಿರುಳು. ಬಿಸಿ ಪಾನೀಯವೆಂದರೆ ಕಾಫಿ ಮತ್ತು ಚಹಾ ಎಂದು ಚರ್ಚಿನ ಹಿರಿಯರು ಅರ್ಥ ಹೇಳಿದರು. ಆರಂಭದಲ್ಲಿ ಇದು ಹಿತವಚನದಂತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟುನಿಟ್ಟಾಯಿತು. ಇಂದು ಇದನ್ನು ಪಾಲಿಸದ ಸದಸ್ಯರಿಗೆ ಅವರ ಮಂದಿರದೊಳಗೆ ಪ್ರವೇಶ ದೊರೆಯುವುದಿಲ್ಲ. ತಡೆಯಿರುವುದು ಬಿಸಿಗೂ ಅಲ್ಲ, ಕೆಫೀನಿಗೂ ಅಲ್ಲ: ಕೋಕೋ ಹಾಕಿದ ಬಿಸಿ ಹಾಲನ್ನು ಅವರು ಧಾರಾಳವಾಗಿ ಕುಡಿಯುತ್ತಾರೆ, ಕೋಲಾ ಕುಡಿಯಲೂ ಅಡ್ಡಿಯಿಲ್ಲ, ಐಸ್ ಹಾಕಿದ ತಣ್ಣನೆಯ ಕಾಫಿ ಮಾತ್ರ ಸಲ್ಲದು. ಹೊರಗಿನವರಿಗೆ ಇದರಲ್ಲಿ ತರ್ಕ ಕಾಣದಿರಬಹುದು. ಆದರೆ ವ್ರತದ ಊಟದಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ನಮ್ಮ ಮನೆಗಳಲ್ಲಿಯೂ ತರ್ಕದಿಂದ ಯಾರೂ ತೀರ್ಮಾನಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಗ, ಮೇಲಿನ ಮನೆಯವರನ್ನು ಹುಡುಕಿಕೊಂಡು ಇಬ್ಬರು ತರುಣರು ಬಂದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯಲ್ಲಿ ‘ಎಲ್ಡರ್’ ಎಂಬ ಪದವೂ ಮನೆತನದ ಹೆಸರೂ ಇದ್ದವು. ಎಲ್ಡರ್ ಎಂದರೆ ಹಿರಿಯ. ಆ ಹಿರಿಯನಿಗೆ ಹತ್ತೊಂಬತ್ತು ದಾಟಿದಂತಿರಲಿಲ್ಲ. ಮೇಲಿನವರು ಊರಲ್ಲಿರಲಿಲ್ಲ. ಬಿಸಿಲಲ್ಲಿ ನಡೆದು ಬಂದವರನ್ನು ತಂಗಿ ಒಳಗೆ ಕೂರಿಸಿ, ನಮ್ಮ ತೋಟದ ಪುಡಿಯಲ್ಲಿ ಬೆಲ್ಲದ ಕಾಪಿ ಮಾಡಿ ತಂದಳು. ಅವರಲ್ಲೊಬ್ಬ ಎದ್ದು ನಿಂತು, ತೆಲುಗಿನ ಎಳೆತವಿದ್ದ ಕನ್ನಡದಲ್ಲಿ, ‘ಕ್ಷಮಿಸಿ ಅಮ್ಮ, ನಾವು ಕಾಫಿ ಟೀ ಕುಡಿಯೋದಿಲ್ಲ’ ಎಂದು ಕೈಮುಗಿದ. ಮನೆಗೆ ಬಂದವರು ಕಾಪಿ ಕುಡಿಯದೆ ಹೋಗುವುದೆಂದರೆ ಏನೆಂದು ತಮಗೆ ಹೇಳಬೇಕಾಗಿಲ್ಲ. ತಂಗಿ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಒಳಗೆ ಹೋಗಿ ಹಾಲಿಗೆ ಬೆಲ್ಲವನ್ನೂ ಒಣಶುಂಠಿಯನ್ನೂ ಹಾಕಿ ಕಾಯಿಸಿ ತಂದಳು. ಇಬ್ಬರೂ ಕುಡಿದರು. ಲೋಟವನ್ನು ತಾನೇ ತೊಳೆದಿಡುತ್ತೇನೆಂದು ಆ ಹುಡುಗ ಅಡುಗೆಮನೆಯ ಬಾಗಿಲವರೆಗೂ ಹೋದ, ತಂಗಿ ಬಿಡಲಿಲ್ಲ. ಆ ಚಿತ್ರದ ಎಂಬತ್ತು ನಿಮಿಷಗಳಿಗಿಂತ ಆ ಹದಿನೈದು ನಿಮಿಷ ನನಗೆ ಅವರ ಬದುಕನ್ನು ಹೆಚ್ಚು ತಿಳಿಸಿತು.

ಪ್ರಶ್ನೆ: ಅವರಲ್ಲಿ ಒಬ್ಬನಿಗೆ ಹಲವು ಹೆಂಡಿರು ಎನ್ನುತ್ತಾರೆ. ನಿಜವೇ? (ಸೋಮವಾರಪೇಟೆ)

ಉತ್ತರ: ಹಿಂದೆ ಇತ್ತು, ಈಗ ಇಲ್ಲ. ಆ ಪದ್ಧತಿಯನ್ನು 1852ರಲ್ಲಿ ಬಹಿರಂಗವಾಗಿ ಘೋಷಿಸಿದ ಚರ್ಚ್, ಅಮೆರಿಕ ಸರ್ಕಾರದ ಕಾನೂನುಗಳು ಬಿಗಿಯಾದ ಮೇಲೆ 1890ರಲ್ಲಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಇಂದು ಹಾಗೆ ಮದುವೆಯಾದವರನ್ನು ಚರ್ಚಿನಿಂದ ಹೊರಗಿಡುತ್ತಾರೆ. ಮೂಲ ಚರ್ಚಿನಿಂದ ಸಿಡಿದುಹೋದ ಕೆಲವು ಸಣ್ಣ ಗುಂಪುಗಳು ಅದನ್ನು ಮುಂದುವರಿಸಿರುವುದರಿಂದ ಸುದ್ದಿಯೂ ಗೊಂದಲವೂ ಉಳಿದುಕೊಂಡಿವೆ.

ಪ್ರಶ್ನೆ: ಹಾಗಾದರೆ ಅವರು ಕ್ರೈಸ್ತರೇ, ಬೇರೆ ಧರ್ಮದವರೇ? ನಮ್ಮ ಊರಿನ ಚರ್ಚಿಗೆ ಹೋಗುವ ನನ್ನ ಗೆಳತಿ ‘ಅವರು ನಮ್ಮವರಲ್ಲ’ ಎನ್ನುತ್ತಾಳೆ. (ಸುಂಟಿಕೊಪ್ಪ)

ಉತ್ತರ: ಅವರನ್ನು ಕೇಳಿದರೆ ಕ್ರೈಸ್ತರೇ ಎನ್ನುತ್ತಾರೆ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪನೆಯಾದ ಈ ಚರ್ಚಿನ ಪೂರ್ಣ ಹೆಸರು ‘ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಮಾರ್ಮನ್ ಎಂಬ ಅಡ್ಡಹೆಸರನ್ನು ಬಿಟ್ಟು ಈ ಪೂರ್ಣ ಹೆಸರನ್ನೇ ಬಳಸಿರೆಂದು 2018ರಲ್ಲಿ ಅವರ ಅಧ್ಯಕ್ಷರು ಕೇಳಿಕೊಂಡರು. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಚರ್ಚ್ ಅದೇ ಅಡ್ಡಹೆಸರನ್ನು ತನ್ನ ಚಿತ್ರದ ಶೀರ್ಷಿಕೆಯಲ್ಲಿಟ್ಟಿತ್ತು. ಓದುಗರಿಗೆ ಪರಿಚಿತವಾದ ಹೆಸರೆಂಬ ಒಂದೇ ಕಾರಣಕ್ಕೆ ನಾನು ಅದನ್ನು ಬಳಸುತ್ತಿದ್ದೇನೆ. ನಿಮ್ಮ ಗೆಳತಿಯ ಮಾತಿಗೂ ಆಧಾರವಿದೆ. ಬೈಬಲಿನ ಜೊತೆಗೆ ಮಾರ್ಮನ್ ಗ್ರಂಥವನ್ನೂ ಅವರು ಪವಿತ್ರವೆನ್ನುತ್ತಾರೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆಬೇರೆ ಎಂದು ನಂಬುತ್ತಾರೆ. ಆದ್ದರಿಂದ ಅವರ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಚರ್ಚ್ ಒಪ್ಪುವುದಿಲ್ಲ. ಗೆಳತಿಯರಿಬ್ಬರೂ ಈ ವಿಷಯದಲ್ಲಿ ಜಗಳವಾಡಬೇಕಾಗಿಲ್ಲ.

ಪ್ರಶ್ನೆ: ಮಗನನ್ನು ಪ್ರಚಾರಕ್ಕೆ ಕಳುಹಿಸುವ ತಾಯಿಯ ಬಗ್ಗೆ ಬರೆದಿದ್ದಿರಿ. ಸ್ವಂತ ಇಷ್ಟದಿಂದ ಹೋಗುತ್ತಾರೆಯೇ? ಸಂಬಳ ಕೊಡುತ್ತಾರೆಯೇ? ನನ್ನ ಮಗ ಸೈನ್ಯದಲ್ಲಿರುವುದರಿಂದ ಕೇಳುತ್ತಿದ್ದೇನೆ. (ಗೃಹಿಣಿಯೊಬ್ಬರು, ನಾಪೋಕ್ಲು)

ಉತ್ತರ: ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸಂಬಳವಿಲ್ಲ, ಖರ್ಚಿನ ಬಹುಪಾಲನ್ನು ಹೋಗುವವರೂ ಅವರ ಮನೆಯವರೂ ಭರಿಸುತ್ತಾರೆ. ಎಷ್ಟೋ ಮಕ್ಕಳು ಚಿಕ್ಕಂದಿನಿಂದಲೇ ಅದಕ್ಕಾಗಿ ದುಡ್ಡು ಕೂಡಿಡುತ್ತಾರೆ. ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳು. ಯಾವ ದೇಶಕ್ಕೆ ಎಂಬುದನ್ನು ಚರ್ಚ್ ತೀರ್ಮಾನಿಸುತ್ತದೆ, ಹುಡುಗನಿಗೆ ಆಯ್ಕೆಯಿಲ್ಲ. ಯಾವಾಗಲೂ ಜೋಡಿಯಾಗಿಯೇ ಓಡಾಡಬೇಕು. ಒತ್ತಾಯವಿಲ್ಲ ಎನ್ನುತ್ತಾರೆ, ಆದರೆ ಗಂಡುಮಕ್ಕಳಿಗೆ ಅದು ಕರ್ತವ್ಯವೆಂದೇ ಕಲಿಸುತ್ತಾರೆ. ಮನೆಮನೆಯಲ್ಲೂ ಅಣ್ಣತಮ್ಮಂದಿರು ಸೈನ್ಯಕ್ಕೆ ಹೋದ ಊರಿನಲ್ಲಿ ಒಬ್ಬ ಹುಡುಗ ‘ನಾನು ಹೋಗಲಾರೆ’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ನೀವೂ ಬಲ್ಲಿರಿ.

ಆ ಚಿತ್ರ ಮಾಡಿದ ಕಾಲದಲ್ಲಿ, ಹೋದ ಮಕ್ಕಳು ಮನೆಗೆ ದೂರವಾಣಿ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್‌ಗೆ ಒಮ್ಮೆ, ತಾಯಂದಿರ ದಿನಕ್ಕೆ ಒಮ್ಮೆ. 2019ರಿಂದ ವಾರಕ್ಕೊಮ್ಮೆ ಮಾತನಾಡಲು ಅನುಮತಿ ಕೊಟ್ಟಿದ್ದಾರೆ. ಚಿತ್ರದ ತಾಯಿ ಬಹಳ ಕಷ್ಟದ ದಿನಗಳನ್ನು ಕಂಡವಳು; ಒಂಟಿಯಾಗಿ ಮಗನನ್ನು ಸಾಕುತ್ತಿದ್ದಾಗ ಇಂಥದ್ದೇ ಪ್ರಚಾರಕರ ಪರಿಚಯವಾಗಿ ಪಂಥವನ್ನು ಸೇರಿದವಳು. ಈಗ ಅದೇ ಕೆಲಸಕ್ಕೆ ತನ್ನ ಮಗನನ್ನು ಬೀಳ್ಕೊಡುತ್ತಾಳೆ. ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಹಸಿರು ಟ್ರಂಕಿನ ಪಕ್ಕ ನಿಂತ ತಾಯಂದಿರನ್ನು ನಾನು ನೋಡಿದ್ದೇನೆ. ಚಿತ್ರದ ಈ ಭಾಗ ಬಂದಾಗ ನನಗೆ ಭಾಷೆಯೂ ದೇಶವೂ ಅಡ್ಡಬರಲಿಲ್ಲ. ಆರು ಕಥೆಗಳಲ್ಲಿ ದಿನನಿತ್ಯದ ಬದುಕಿಗೆ ನಿಜಕ್ಕೂ ಹತ್ತಿರವಾದದ್ದು ಇದೊಂದೇ ಎಂದು ನನ್ನ ಅಭಿಪ್ರಾಯ. ನಿಮ್ಮ ಮಗ ರಜೆಗೆ ಬಂದಾಗ ಜೊತೆಗೆ ಕೂತು ನೋಡಿ.

ಪ್ರಶ್ನೆ: ಮಾರ್ಮನ್ನರು ಲೋಕದ ಎಲ್ಲರ ವಂಶಾವಳಿಯನ್ನು ಸಂಗ್ರಹಿಸುತ್ತಾರೆಂದು ಓದಿದ್ದೇನೆ. ಕುಲದ ಹಿರಿಯರಾದ ಗುರುಕಾರೋಣರನ್ನು ಪೂಜಿಸುವ ನಮಗೂ ಅವರಿಗೂ ಹೋಲಿಕೆ ಇದೆಯೇ? (ನಿವೃತ್ತ ಶಿಕ್ಷಕರು, ವಿರಾಜಪೇಟೆ)

ಉತ್ತರ: ಹೋಲಿಕೆಯೂ ಇದೆ, ದೊಡ್ಡ ಅಂತರವೂ ಇದೆ. ಕುಟುಂಬದ ಸಂಬಂಧ ಸಾವಿನಾಚೆಗೂ ಮುಂದುವರಿಯುತ್ತದೆ ಎಂಬುದು ಅವರ ನಂಬಿಕೆಯ ನಡುಗಂಬ. ದೀಕ್ಷೆಯಿಲ್ಲದೆ ತೀರಿಕೊಂಡ ಪೂರ್ವಜರ ಪರವಾಗಿ, ಬದುಕಿರುವ ವಂಶಜರು ಮಂದಿರದಲ್ಲಿ ದೀಕ್ಷಾಸ್ನಾನ ಮಾಡಬಹುದು. ಅದನ್ನು ಒಪ್ಪುವುದೂ ಬಿಡುವುದೂ ಆ ಆತ್ಮದ ಇಚ್ಛೆ ಎನ್ನುತ್ತಾರೆ. ಹಾಗೆ ಮಾಡಲು ಪೂರ್ವಜರ ಹೆಸರು ತಿಳಿಯಬೇಕಲ್ಲ, ಅದಕ್ಕಾಗಿ ಹುಡುಕಾಟ. 1894ರಲ್ಲೇ ಅವರು ಇದಕ್ಕೊಂದು ಸಂಘ ಕಟ್ಟಿದರು. ಸಾಲ್ಟ್ ಲೇಕ್ ಸಿಟಿಯ ಬಳಿ ಗ್ರಾನೈಟ್ ಬೆಟ್ಟವನ್ನೇ ಕೊರೆದು, ಹಲವು ದೇಶಗಳ ಜನನ, ಮರಣ, ಮದುವೆಯ ದಾಖಲೆಗಳ ಲಕ್ಷಗಟ್ಟಲೆ ಮೈಕ್ರೋಫಿಲ್ಮ್ ಸುರುಳಿಗಳನ್ನು ಅಲ್ಲಿ ಕಾಪಾಡಿದ್ದಾರೆ. ಅವರ ‘ಫ್ಯಾಮಿಲಿಸರ್ಚ್’ ಜಾಲತಾಣವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ನಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಕೆಳಗೆ ನಿಂತು ಒಕ್ಕದ, ಅಂದರೆ ಮನೆತನದ, ಹಿರಿಯರನ್ನು ನೆನೆಯುವಾಗ, ಕಾರಣಂಗ್ ಕೊಡ್ಪ ದಿನ ಅವರಿಗೆ ಇಷ್ಟವಾದ ಅಡುಗೆಯನ್ನೂ ಮದ್ಯವನ್ನೂ ಎಡೆ ಇಡುವಾಗ, ನಾವು ಅವರಿಂದ ಆಶೀರ್ವಾದ ಬೇಡುತ್ತೇವೆ. ಮಾರ್ಮನ್ನರು ಪೂರ್ವಜರಿಗೆ ತಾವೇ ಏನನ್ನೋ ತಲುಪಿಸಲು ಹೊರಡುತ್ತಾರೆ. ನಮ್ಮ ಹಿರಿಯರು ನಮ್ಮನ್ನು ಕಾಯುವವರು. ಅವರ ಹಿರಿಯರು ಅವರಿಗಾಗಿ ಕಾಯುತ್ತಿರುವವರು. ಈ ವ್ಯತ್ಯಾಸವನ್ನು ಯೋಚಿಸುತ್ತಾ ಒಂದು ಸಂಜೆ ಕಳೆದೆ. ಬೇರೆಯವರ ಪೂರ್ವಜರ ಹೆಸರನ್ನು ಹೀಗೆ ಬಳಸಿದ್ದರಿಂದ ಮಾರ್ಮನ್ನರಿಗೆ ತೊಂದರೆಯೂ ಆಗಿದೆ: ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿದ್ದು ಬಯಲಾಗಿ, ಯಹೂದಿ ಸಂಘಟನೆಗಳ ನೋವಿನ ಪ್ರತಿಭಟನೆಯ ನಂತರ 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದಕ್ಕೆ ಬಂದರು. ಸದಸ್ಯರು ತಮ್ಮ ಸ್ವಂತ ಪೂರ್ವಜರ ಹೆಸರನ್ನಷ್ಟೇ ಕೊಡಬೇಕೆಂಬುದು ಈಗಿನ ನಿಯಮ.

ಹೆಸರುಗಳನ್ನು ಹುಡುಕುವ ಶ್ರದ್ಧೆಯನ್ನು ಮಾತ್ರ ನಾವು ಅವರಿಂದ ಕಲಿಯಬೇಕು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ, ತಂಡ ಕಟ್ಟುವ ನೆಪದಲ್ಲಿ ಎಷ್ಟೋ ಒಕ್ಕಗಳು ದೂರದ ಊರುಗಳಲ್ಲಿದ್ದ ತಮ್ಮವರನ್ನು ಹುಡುಕಿಕೊಂಡವು. ಆದರೂ ನಾಲ್ಕು ತಲೆಮಾರಿನ ಹಿಂದಿನ ಅಜ್ಜಿಯರ ಹೆಸರುಗಳನ್ನು ಬರೆದಿಟ್ಟ ಮನೆಗಳು ನಮ್ಮಲ್ಲಿ ಎಷ್ಟಿವೆ? ತಾವು ಶಿಕ್ಷಕರು, ತಮ್ಮ ಒಕ್ಕದಿಂದಲೇ ಆರಂಭಿಸಿ, ಹೆಣ್ಣುಮಕ್ಕಳ ಹೆಸರುಗಳನ್ನೂ ಸೇರಿಸಿ ಬರೆದರೆ ಎಷ್ಟು ಒಳ್ಳೆಯದಿತ್ತು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನಮ್ಮ ಊರಿನ ತೋಟದ ಲೈನ್ ಮನೆಗಳಲ್ಲಿ (ಕೂಲಿಗಾರರ ಸಾಲುಮನೆಗಳಲ್ಲಿ) ಇರುವ ಎರವ ಬುಡಕಟ್ಟಿನವರ ದಿನನಿತ್ಯದ ಬದುಕಿನ ಬಗ್ಗೆ ಮೊಬೈಲಿನಲ್ಲೇ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇನೆ. ಆ ಚಿತ್ರದಿಂದ ನಾನು ಕಲಿಯಬಹುದಾದದ್ದು ಏನು? (ಪೊನ್ನಂಪೇಟೆ)

ಉತ್ತರ: ಮಗಳೇ, ಈ ಬಾರಿ ಬಂದ ಕಾಗದಗಳಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಟ್ಟದ್ದು ನಿನ್ನದು. ಆ ಚಿತ್ರದಿಂದ ನೀನು ತೆಗೆದುಕೊಳ್ಳಬೇಕಾದದ್ದು ಪ್ರೀತಿಯನ್ನು. ಅಲ್ಲಿ ಯಾರನ್ನೂ ವಿಚಿತ್ರ ಪ್ರಾಣಿಗಳಂತೆ ತೋರಿಸಿಲ್ಲ. ಪ್ರತಿಯೊಬ್ಬರೂ ತಮ್ಮ ಮಾತನ್ನು ತಮ್ಮ ಬಾಯಿಂದಲೇ ಹೇಳುತ್ತಾರೆ. ನೀನು ಬಿಡಬೇಕಾದದ್ದು, ಒಳ್ಳೆಯದನ್ನು ಮಾತ್ರ ಆರಿಸುವ ಆ ಎಚ್ಚರಿಕೆಯನ್ನು. ನೀನಂತೂ ಹೊರಗಿನಿಂದ ಹೋಗುವವಳು. ತೋಟದ ಮಾಲೀಕರ ಮನೆಯ ಹುಡುಗಿಯಾಗಿದ್ದರೆ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ನಿನ್ನೆದುರು ಕೂಲಿಯ ಬಗ್ಗೆ, ಸಾಲದ ಬಗ್ಗೆ, ಕುಡಿತದ ಬಗ್ಗೆ ಅವರು ಬಾಯಿ ಬಿಡದಿರಬಹುದು. ಅದು ನಿನ್ನ ತಪ್ಪಲ್ಲ, ಅವರ ತಪ್ಪೂ ಅಲ್ಲ.

ಮೊದಲ ಕೆಲವು ವಾರ ಮೊಬೈಲನ್ನು ಚೀಲದಿಂದ ಹೊರಗೆ ತೆಗೆಯಬೇಡ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಲೆ ಹೊತ್ತಿಸುವ ಹೊತ್ತಿಗೆ ಹೋಗು, ಭಾನುವಾರ ಸಂತೆಯಿಂದ ಬರುವ ಹೊತ್ತಿಗೆ ಹೋಗು. ಹಾಡು, ಕುಣಿತ ನೋಡಲು ಸಿಕ್ಕರೆ ನೋಡು. ಅದನ್ನೇ ಚಿತ್ರದ ಮುಖ ಮಾಡಬೇಡ, ಏಕೆಂದರೆ ಅದನ್ನು ಈಗಾಗಲೇ ಬೇಕಾದಷ್ಟು ಮಂದಿ ಚಿತ್ರೀಕರಿಸಿಕೊಂಡು ಹೋಗಿದ್ದಾರೆ. ಅವರ ಮಾತು ಅವರ ಭಾಷೆಯಲ್ಲೇ ಇರಲಿ, ಕನ್ನಡವನ್ನು ಕೆಳಗೆ ಅಕ್ಷರಗಳಲ್ಲಿ ಕೊಡು. ಓದಿದ ಎರವ ಹುಡುಗ ಹುಡುಗಿಯರು ಈಗ ಇದ್ದಾರೆ; ಅವರಲ್ಲೊಬ್ಬರ ಕೈಗೆ ಅರ್ಧ ದಿನ ಮೊಬೈಲ್ ಕೊಟ್ಟು, ಬೇಕಾದದ್ದನ್ನು ತೆಗೆಯಲು ಹೇಳು. ಆ ಅರ್ಧ ದಿನದಲ್ಲಿ ಅವರು ತೆಗೆದದ್ದಕ್ಕೂ ನೀನು ತೆಗೆದದ್ದಕ್ಕೂ ಇರುವ ವ್ಯತ್ಯಾಸವನ್ನು ರಾತ್ರಿ ಕುಳಿತು ನೋಡು.

ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನವನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳಬೇಡ. ಆ ಲೈನ್ ಮನೆಯ ಅಂಗಳದಲ್ಲೇ ಬಿಳಿ ಬಟ್ಟೆ ಕಟ್ಟಿ ಅವರಿಗೇ ತೋರಿಸು. ಯಾವ ದೃಶ್ಯ ಬೇಡವೆನ್ನುತ್ತಾರೋ ಅದನ್ನು ತೆಗೆದುಹಾಕು. ದಿನ ಗೊತ್ತಾದಾಗ ನನಗೊಂದು ಸಾಲು ಬರೆ. ಪೊನ್ನಂಪೇಟೆಯ ಬಸ್ಸು ಹಿಡಿದು ನಾನೂ ಬರುತ್ತೇನೆ.